ಟೀವಿಯಲ್ಲಿ ತತ್ತಿಯಾದ ಕಡಗ

ಪಣ ಇಷ್ಟೇ: ಒಂದು ಬೆಳ್ಳಿ ಕಡಗ, ಒಂದು ಗಾಡಿ ಕೆಮ್ಮಣ್ಣು.

ಹೊಳೆಯ ಈಚೆ ದಂಡೆಗೊಂದು ಗರಡಿ, ಆಚೆ ದಂಡೆಗೊಂದು ಗರಡಿ. ಐದು ವರ್ಷಕ್ಕೊಮ್ಮೆ ಎರಡೂ ಗರಡಿಗಳ ಮುಂದಾಳು ಪೈಲ್ವಾನರು ಕುಸ್ತಿ ಹಿಡಿಯಬೇಕು. ಗೆದ್ದ ದಂಡೆಗೆ ಕಡಗ. ಸೋತ ದಂಡೆಯವರು ತಮ್ಮ ಕೆರೆಯ ಕೆಮ್ಮಣ್ಣು ಹೇರಿಕೊಂಡು ಬಂದು ಗೆದ್ದವರ ಅಖಾಡಕ್ಕೆ ಸುರಿಯಬೇಕು. ಸೋತ ಪೈಲ್ವಾನನೇ ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ ಹದ ಮಾಡಿಕೊಡಬೇಕು. ಎಲ್ಲ ಬಾಯಿಮಾತಿನ ವ್ಯವಹಾರ. ಇದುವರೆಗೆ ಯಾರೂ ತಪ್ಪಿರಲಿಲ್ಲ.

ಕಡಗ ಈಗ ಆಚೆ ದಂಡೆಯಲ್ಲಿತ್ತು.

ಈಚೆ ದಂಡೆಯ ಗುರು ರಾಜೇಸಾಬ ವಸ್ತಾದರು. ವಯಸ್ಸಾಗಿತ್ತು, ಮೊಣಕಾಲು ಮಡಚುತ್ತಿರಲಿಲ್ಲ. ಹಾಗಾಗಿ ಬಾಯಲ್ಲೇ ಕಲಿಸುತ್ತಿದ್ದರು, ಅದೂ ಅಳೆದು ತೂಗಿ. ಅವರ ಶಿಷ್ಯರಲ್ಲಿ ಮುಂದಾಳು ಕಲ್ಮೇಶ. ಇನ್ನೈದು ವರ್ಷ ಕಳೆದರೆ ಅವನ ವಯಸ್ಸು ಕುಸ್ತಿಗೆ ಒದಗದು. ಈ ಸಲ ಕಡಗ ತಂದರೆ ತಂದ, ಇಲ್ಲದಿದ್ದರೆ ಇಲ್ಲ.

"ವಸ್ತಾದರ, ನನಗ ಏನು ಕಡಿಮಿ ಐತ್ರಿ?" ಎಂದು ಅವನೊಮ್ಮೆ ಕೇಳಿದ.

"ಗುರು ಅದಾನ, ಮಣ್ಣು ಐತಿ, ಹಾಲು ಐತಿ. ಜೋಡಿ ಇಲ್ಲ," ಎಂದರು ರಾಜೇಸಾಬರು.

ನಿಜವೇ. ಗರಡಿಯ ಉಳಿದವರನ್ನೆಲ್ಲ ಕಲ್ಮೇಶ ಹಾಸಿಗೆ ಮಡಚಿದಷ್ಟು ಸಲೀಸಾಗಿ ಚಿತ್ ಮಾಡುತ್ತಿದ್ದ. ತನ್ನ ಬಲಕ್ಕೆ ಸಮನಾದ ಜೋಡಿ ಇಲ್ಲದ ಪೈಲ್ವಾನ ಒಂದೇ ತಟ್ಟೆಯ ತಕ್ಕಡಿ ಇದ್ದಂತೆ. ಎಷ್ಟು ಹೇರಿದರೂ ತೂಕ ತಿಳಿಯುವುದಿಲ್ಲ.

ಜೋಡಿಯನ್ನಂತೂ ಸಂತೆಯಲ್ಲಿ ಮಾರುವುದಿಲ್ಲ. ಇನ್ನೊಬ್ಬ ಗುರುವಾದರೂ ಸಿಕ್ಕಾನೆಯೇ ಎಂದು ಕಲ್ಮೇಶ ಯೋಚಿಸಿದ. ಆಗ ಟೇಪು ನೆನಪಾಯಿತು.

ರಾಜೇಸಾಬರ ಗುರು ಫಕೀರಪ್ಪನವರು. ತೀರಿಹೋಗಿ ಬಹಳ ಕಾಲವಾದರೂ ಗರಡಿಯಲ್ಲಿ ಅವರ ಹೆಸರು ಇನ್ನೂ ದೊಡ್ಡ ವಸ್ತಾದರು. ಅವರು ಕಡಗ ಗೆದ್ದ ದಿನದ ಕುಸ್ತಿಯನ್ನು ಮದುವೆ ವಿಡಿಯೋ ತೆಗೆಯುವವನೊಬ್ಬ ಪೂರಾ ಹಿಡಿದಿದ್ದ. ಆ ಟೇಪು ಗರಡಿಯ ಹನುಮಪ್ಪ ದೇವರ ಗೂಡಿನ ಪಕ್ಕದಲ್ಲಿ ಅರಿವೆ ಸುತ್ತಿಕೊಂಡು ಕೂತಿತ್ತು. ಹಾಕಿ ನೋಡುವ ಯಂತ್ರ ಊರಲ್ಲೇ ಇರಲಿಲ್ಲ. ಕಲ್ಮೇಶ ಟೇಪನ್ನು ಪಟ್ಟಣಕ್ಕೆ ಒಯ್ದು, ಹಳೆಯದನ್ನು ಹೊಸ ಫೈಲಾಗಿ ಬದಲಿಸಿಕೊಡುವ ಅಂಗಡಿಯಲ್ಲಿ ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದ.

ಟೀವಿಗೆ ಕೊರತೆ ಇರಲಿಲ್ಲ. ಕಟ್ಟಿಗೆ ಅಡ್ಡೆಯ ಸಾಹುಕಾರ ಶಿವಪುತ್ರಪ್ಪನವರು ಗರಡಿಗೆ ದಿನಾ ಹಾಲು ಕಳಿಸುವವರು, ಹಬ್ಬಕ್ಕೆ ಬಾದಾಮಿ ಕಳಿಸುವವರು. ಗರಡಿಯ ಪಡಸಾಲೆಗೆ ಬಾಗಿಲಷ್ಟಗಲದ ಟೀವಿಯನ್ನೂ ಅವರೇ ಕೊಡಿಸಿದ್ದರು.

ಕಲ್ಮೇಶ ಪೆನ್‌ಡ್ರೈವು ಸಿಕ್ಕಿಸಿದ. ರಾಜೇಸಾಬರನ್ನೂ ಕರೆದ. ಎದುರಿಗೆ ಕೂತು ಕಣ್ಣಾರೆ ಕಂಡ ಕುಸ್ತಿಯನ್ನು ಪೆಟ್ಟಿಗೆಯೊಳಗೆ ಮತ್ತೆ ಯಾಕೆ ನೋಡಲಿ ಎಂದು ಅವರು ಬರಲಿಲ್ಲ.

ದೊಡ್ಡ ವಸ್ತಾದರನ್ನು ನೋಡಿ ಕಲ್ಮೇಶ ಬಾಯಿ ತೆರೆದ. ಎದೆ ಅಂದರೆ ಕೋಟೆ ಬಾಗಿಲು. ತೊಡೆ ಅಂದರೆ ಒರಳುಕಲ್ಲು. ಕಾಲು ಅಗಲಿಸಿ ನಿಂತರೆ ಅಖಾಡದ ಈ ಅಂಚಿನಿಂದ ಆ ಅಂಚಿಗೆ ಹಂದರ ಹಾಕಿದಂತೆ. ಗೆಲ್ಲುವ ಆಳು ಅಂದರೆ ಹೀಗಿರಬೇಕು ಎಂದುಕೊಂಡ.

ಅಂದಿನಿಂದ ಅವನು ಆ ಚಿತ್ರದಂತೆ ಆಗಲು ಹೊರಟ. ಒಂದು ತಂಬಿಗೆ ಹಾಲು ಎರಡಾಯಿತು. ತುಪ್ಪಕ್ಕೆ ಲೆಕ್ಕ ತಪ್ಪಿತು. ನಿಲ್ಲುವಾಗ ಕಾಲನ್ನು ಮೊದಲಿಗಿಂತ ಒಂದು ಗೇಣು ಅಗಲಕ್ಕೆ ಇಡತೊಡಗಿದ. ಎದೆ ಅಗಲವಾಗಲು ಹಟ ಮಾಡಿತು. ಹೊಟ್ಟೆ ಮಾತ್ರ ಹೇಳಿದ ಮಾತು ಕೇಳಿತು.

ಒಂದು ಬೆಳಗ್ಗೆ, ಗರಡಿಯಲ್ಲೇ ಹಗುರ ಆಳಾದ ಈರಣ್ಣ ಅವನ ಎದೆಗೆ ತಲೆ ಕೊಟ್ಟು ನೂಕಿದ. ಹಿಂದೆ ಹೆಜ್ಜೆ ಇಡಬೇಕೆಂದರೆ ಕಲ್ಮೇಶನ ಕಾಲು ಬರಲಿಲ್ಲ. ಬೆನ್ನಡಿಯಾಗಿ ಮಣ್ಣಿಗೆ ಬಿದ್ದ. ಬೀಳಿಸಿದ ಈರಣ್ಣನೇ ಹೆದರಿ, ಏಳ್ರಿ ಏಳ್ರಿ ಎಂದು ಕೈ ಕೊಟ್ಟ.

ರಾಜೇಸಾಬರು ಕಟ್ಟೆಯ ಮೇಲಿಂದ ನೋಡುತ್ತಿದ್ದರು.

"ಹಿಂಗ ನಿಲ್ಲೂದನ್ನ ಯಾರು ಕಲಿಸ್ಯಾರ?"

"ದೊಡ್ಡ ವಸ್ತಾದರು ಕಲಿಸ್ಯಾರ್ರಿ."

"ಅವರು ಸತ್ತಾಗ ನೀ ಹುಟ್ಟಿರಲಿಲ್ಲ."

"ಟೀವಿಯಾಗ ನೋಡೇನ್ರಿ."

ರಾಜೇಸಾಬರು ಕೋಲೂರಿ ಎದ್ದು ಪಡಸಾಲೆಗೆ ಬಂದರು. ಟೀವಿ ಹಾಕಿಸಿದರು. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರು.

"ಕುಸ್ತಿ ಅದೇ. ಅಖಾಡ ಅದೇ. ಆಳು ಬ್ಯಾರೆ," ಎಂದರು.

ಕಲ್ಮೇಶನಿಗೆ ತಿಳಿಯಲಿಲ್ಲ. ಟೇಪು ಗರಡಿಯದೇ, ಅಂಗಡಿಯವ ಅದಲುಬದಲು ಮಾಡಿಲ್ಲ ಎಂದು ವಾದಿಸಿದ. ರಾಜೇಸಾಬರು ಮೂಲೆಯಲ್ಲಿದ್ದ ಹಿಂಡಿಯ ಗೋಣಿಚೀಲದಿಂದ ಒಂದು ಹುರಿ ಎಳೆದು ಅವನ ಕೈಗೆ ಕೊಟ್ಟರು.

"ಪಣದ ಮಾಲು ಅಳಿ."

ಕುಸ್ತಿ ಮುಗಿದ ಮೇಲೆ ಹಿರಿಯರೊಬ್ಬರು ಕಡಗವನ್ನು ಎರಡು ಬೆರಳಲ್ಲಿ ಹಿಡಿದು ಕ್ಯಾಮರಾದ ಕಣ್ಣಿಗೆ ನೇರವಾಗಿ ತೋರಿಸುವ ಜಾಗವೊಂದು ಇತ್ತು. ಕಲ್ಮೇಶ ಅಲ್ಲಿ ನಿಲ್ಲಿಸಿದ. ಕಡಗದ ಮೇಲಿನಿಂದ ಕೆಳಗೆ ಹುರಿ ಹಿಡಿದ, ಆ ಅಳತೆಗೆ ಗಂಟು ಹಾಕಿದ. ಅದೇ ಹುರಿಯನ್ನು ಅಡ್ಡಕ್ಕೆ ತಿರುಗಿಸಿದ. ಸಾಲಲಿಲ್ಲ. ಇನ್ನೂ ಮೂರನೇ ಒಂದು ಪಾಲು ಬೇಕಿತ್ತು.

"ಕಡಗ ಹೆಂಗಿರತೈತಿ?"

"ದುಂಡಗ್ರಿ."

"ಇದು?"

"ತತ್ತಿ ಇದ್ದಂಗ ಐತ್ರಿ."

"ಕಡಗ ತತ್ತಿ ಆದ್ರ, ಅದನ್ನ ಗೆದ್ದಾವ ಏನಾದ?"

ಕಲ್ಮೇಶ ಟೀವಿ ನೋಡಿದ. ಆಮೇಲೆ ತನ್ನ ಹೊಟ್ಟೆ ನೋಡಿಕೊಂಡ.

ಆ ಕಾಲದ ಟೀವಿ ಹೆಚ್ಚುಕಡಿಮೆ ಚೌಕ. ಅಗಲ ನಾಲ್ಕು ಪಾಲಾದರೆ ಎತ್ತರ ಮೂರು. ವಿಡಿಯೋ ತೆಗೆದವರೂ ಅದೇ ಅಳತೆಗೆ ತೆಗೆಯುತ್ತಿದ್ದರು. ಈಗಿನದು ಹದಿನಾರಕ್ಕೆ ಒಂಬತ್ತು, ಅಡ್ಡಕ್ಕೆ ಬೆಳೆದ ಟೀವಿ. ಹಳೇ ಚಿತ್ರವನ್ನು ಇದರ ತುಂಬ ಎಳೆದರೆ ಎತ್ತರ ಇದ್ದಷ್ಟೇ ಇರುತ್ತದೆ, ಅಗಲ ಮಾತ್ರ ಹಿಗ್ಗುತ್ತದೆ. ಇಷ್ಟು ಗೊತ್ತಾಗಲು ಹುರಿ ಸಾಕಾಯಿತು.

ತಪ್ಪು ತಿಳಿದ ಮೇಲೆ ಸರಿ ಮಾಡುವುದು ಎಷ್ಟು ಹೊತ್ತು ಎಂದು ಕಲ್ಮೇಶ ರಿಮೋಟು ಹಿಡಿದ. ಚಿತ್ರದ ಅಳತೆ ಎಂಬ ಪಟ್ಟಿ ತೆರೆದ. ಮೊದಲು ಕಂಡದ್ದು ಜೂಮ್. ಒತ್ತಿದ. ಚಿತ್ರ ಇನ್ನಷ್ಟು ಉಬ್ಬಿತು. ಮೇಲೆ ತಲೆ ಹೋಯಿತು, ಕೆಳಗೆ ಪಾದ ಹೋಯಿತು, ನಡುವೆ ಎರಡು ಲಂಗೋಟಿ ಗುದ್ದಾಡಿದವು.

"ಕಾಲು ತಗದು ಕುಸ್ತಿ ಕಲೀತೀಯೇನು?" ಎಂದರು ರಾಜೇಸಾಬರು.

ಮುಂದಿನದು ಫುಲ್. ಅದು ಮೊದಲಿದ್ದದ್ದೇ. ಅದರ ಮುಂದಿನದು ನಾಲ್ಕು-ಮೂರು. ಅದನ್ನು ಒತ್ತಿದ ಕೂಡಲೇ ಎರಡೂ ಬದಿಯಿಂದ ಯಾರೋ ಬಾಗಿಲು ನೂಕಿದಂತೆ ಚಿತ್ರ ಒಳಗೆ ಸರಿಯಿತು. ಎಡಕ್ಕೊಂದು ಬಲಕ್ಕೊಂದು ಕರಿಪಟ್ಟಿ ನಿಂತವು. ನಡುವೆ ಎತ್ತರದ ಒಣಕಲು ಮನುಷ್ಯನೊಬ್ಬ ಹಿಡಿಯಷ್ಟು ಸೊಂಟ ಇಟ್ಟುಕೊಂಡು, ಕಾಲನ್ನು ಹತ್ತಿರಕ್ಕೆ ಇಟ್ಟು, ಬಿದಿರಿನಂತೆ ಬಾಗಿ ನಿಂತಿದ್ದ.

ಕಲ್ಮೇಶ ಹುರಿ ಹಿಡಿದ. ಕಡಗ ಉದ್ದಕ್ಕೂ ಅಡ್ಡಕ್ಕೂ ಗಂಟಿಗೆ ಸರಿ ಬಂತು.

ಅಲ್ಲಿಯವರೆಗೆ ಬಾಗಿಲಲ್ಲಿ ನಿಂತಿದ್ದ ರಾಜೇಸಾಬರು ಒಳಗೆ ಬಂದರು. ಬೆಂಚು ಖಾಲಿ ಇತ್ತು. ಮಡಚದ ಮೊಣಕಾಲನ್ನು ಕೈಯಿಂದ ಸರಿಸಿಕೊಂಡು ನೆಲದ ಮೇಲೆ ಕೂತರು.

"ಇವರೇ. ಗರಡಿ ಬಾಗಿಲಾಗ ತಲಿ ಬಗ್ಗಿಸಿ ಬರತಿದ್ರು, ಅಷ್ಟು ಎತ್ತರ," ಎಂದರು.

ಕಲ್ಮೇಶನಿಗೆ ಸಮಾಧಾನವಿಲ್ಲ. ಇಷ್ಟು ದಿನ ನಂಬಿದ್ದ ಕೋಟೆ ಬಾಗಿಲು ಇದ್ದಕ್ಕಿದ್ದಂತೆ ಊರುಗೋಲಾಗಿತ್ತು. ಮೇಲಾಗಿ ಟೀವಿಯ ಕಾಲುಭಾಗ ಸುಮ್ಮನೆ ಕರ್ರಗೆ ಬಿದ್ದಿದೆ, ಅಷ್ಟು ದೊಡ್ಡ ಟೀವಿ ಇದ್ದೂ ಏನು ಬಂತು ಎಂದು ಗೊಣಗಿದ.

"ಹಾಸಿಗಿ ದೊಡ್ಡದಾತಂತ ಕಾಲು ಬೆಳಿಯೂದಿಲ್ಲೋ," ಎಂದರು ರಾಜೇಸಾಬರು.

ಅದೇ ಸಂಜೆ ಸಾಹುಕಾರರು ಬಂದರು. ಕರಿಪಟ್ಟಿ ನೋಡಿ ಅವರ ಮುಖ ಸಣ್ಣದಾಯಿತು. ತಾವು ಕೊಡಿಸಿದ್ದು ಪೂರಾ ಟೀವಿ, ಮುಕ್ಕಾಲು ಟೀವಿ ಅಲ್ಲ ಎಂದರು. ದೊಡ್ಡ ವಸ್ತಾದರು ಹೀಗೆ ಹಸಿದವರಂತೆ ಕಂಡರೆ, ಸಾಹುಕಾರ ಹಾಲು ಕಳಿಸುವುದಿಲ್ಲವೇನೋ ಎಂದು ನೋಡಿದ ಜನ ತಮ್ಮನ್ನು ಆಡಿಕೊಳ್ಳುತ್ತಾರೆ ಎಂದರು. ರಿಮೋಟು ತೆಗೆದುಕೊಂಡು ಫುಲ್ ಒತ್ತಿದರು. ಫಕೀರಪ್ಪನವರು ಮತ್ತೆ ಉಬ್ಬಿದರು.

ಹಾಲು ಕೊಡುವವರಿಗೆ ಎದುರಾಡುವುದು ಹೇಗೆ? ಕಲ್ಮೇಶ ಗುರುವಿನ ಮುಖ ನೋಡಿದ.

ರಾಜೇಸಾಬರು ಸಾಹುಕಾರರನ್ನು ಕೂರಿಸಿ, ನೀರು ಕೊಡಿಸಿ, ವ್ಯಾಪಾರ ಹೇಗಿದೆ ಎಂದು ವಿಚಾರಿಸಿದರು. ಆಮೇಲೆ ಕೇಳಿದರು.

"ಸಾಹುಕಾರ, ಹಳೇ ಬಾಗಿಲು, ಹೊಸಾ ಚೌಕಟ್ಟು. ಚೌಕಟ್ಟು ಒಂದು ಗೇಣು ಅಗಲ ಆತು. ನಿಮ್ಮ ಅಡ್ಡ್ಯಾಗ ಏನು ಮಾಡತೀರಿ? ಬಾಗಿಲ ಜಗ್ಗತೀರಿ?"

ಸಾಹುಕಾರರು ನಕ್ಕರು. "ಬಾಗಿಲೇನು ರಬ್ಬರೇನ್ರಿ? ಎರಡೂ ಕಡೆ ಪಟ್ಟಿ ಬಡೀತೀವಿ."

"ಇವೂ ಅವೇ ಪಟ್ಟಿ."

ಸಾಹುಕಾರರು ಟೀವಿಯನ್ನೂ ರಿಮೋಟನ್ನೂ ಎರಡೆರಡು ಸಲ ನೋಡಿದರು. ಕಟ್ಟಿಗೆಯಲ್ಲಿ ಕೂದಲು ಬಿಳಿಯಾದ ಮನುಷ್ಯ. ಆ ಲೆಕ್ಕ ಅವರಿಗೆ ಅರ್ಥವಾಗದೆ ಇರಲಿಲ್ಲ. ರಿಮೋಟನ್ನು ಕಲ್ಮೇಶನ ಕೈಗಿಟ್ಟು, ನಾಳೆಯೂ ಹಾಲು ಬರುತ್ತದೆ ಎಂದು ಹೇಳಿ ಹೋದರು.

ಮರುದಿನ ಟೀವಿ ಹಾಕಿದರೆ ದೊಡ್ಡ ವಸ್ತಾದರು ತಿರುಗಿ ದಪ್ಪ. ನಿನ್ನೆ ಇಟ್ಟ ಅಳತೆಯನ್ನು ಟೀವಿ ಮರೆತಿತ್ತು. ಕಲ್ಮೇಶ ಮತ್ತೆ ಸರಿ ಮಾಡಿದ. ಅದರ ಮರುದಿನವೂ ಅದೇ ಕತೆ. ಒಂದು ದಿನ ಅವನಿಲ್ಲದಾಗ ಈರಣ್ಣ ಟೀವಿ ಹಾಕಿಕೊಂಡು, ಅಗಲಕ್ಕೆ ಕಾಲಿಟ್ಟು ಸಾಮು ಮಾಡುತ್ತ ನಿಂತಿದ್ದ.

ಕಲ್ಮೇಶ ಗುರುವಿನ ಹತ್ತಿರ ದೂರು ಹೇಳಿದ.

"ಕನ್ನಡಿ ಒರಸಿದ್ರ ಮುಖದ ಮಸಿ ಹೋಗತೈತೇನು?" ಎಂದರು ರಾಜೇಸಾಬರು.

ತಿದ್ದಬೇಕಾದ್ದು ಟೀವಿಯನ್ನಲ್ಲ, ಫೈಲನ್ನು ಎಂದು ಹೊಳೆದು ಕಲ್ಮೇಶ ಟೇಪನ್ನು ಅರಿವೆಯಲ್ಲಿ ಸುತ್ತಿಕೊಂಡು ಪಟ್ಟಣದ ಬಸ್ಸು ಹತ್ತಿದ.

ಅಂಗಡಿಯವ ಕೆಟ್ಟ ಮನುಷ್ಯನಲ್ಲ, ಗಿರಾಕಿಗೆ ಹೆದರಿದ ಮನುಷ್ಯ. ಮೊದಮೊದಲು ತಾನು ಚಿತ್ರದ ಅಳತೆ ಕಾಯ್ದೇ ಇಳಿಸಿಕೊಡುತ್ತಿದ್ದೆ ಎಂದ. ಕರಿಪಟ್ಟಿ ನೋಡಿದ ಗಿರಾಕಿಗಳು ಅರ್ಧಂಬರ್ಧ ಕೆಲಸ ಮಾಡಿದ್ದೀ ಎಂದು ಜಗಳಕ್ಕೆ ಬರುತ್ತಿದ್ದರಂತೆ. ಅಂದಿನಿಂದ ಯಾವ ಟೇಪು ಬಂದರೂ ಪರದೆ ತುಂಬ ಎಳೆದು ಕೊಡುತ್ತಾನೆ. ಹಳೇ ಮದುವೆಗಳಲ್ಲಿ ಬೀಗರೆಲ್ಲ ಉಂಡು ತಿಂದು ದುಂಡಗಾದಂತೆ ಕಾಣುತ್ತಾರೆ, ಎಲ್ಲರಿಗೂ ಸಂತೋಷ. ಹಿಂದಕ್ಕೆ ತಂದವನು ನೀನೊಬ್ಬನೇ ಎಂದ.

ಎಳೆದ ಫೈಲನ್ನೇ ಮತ್ತೆ ಹಿಂಡುವುದು ಬೇಡ, ಟೇಪಿನಿಂದಲೇ ಹೊಸದಾಗಿ ಇಳಿಸು, ಪಟ್ಟಿಗಳು ಫೈಲಿನೊಳಗೇ ಇರಲಿ, ಆಗ ಯಾವ ಟೀವಿಗೆ ಹಾಕಿದರೂ ಆಳು ಆಳಾಗಿಯೇ ಕಾಣುತ್ತಾನೆ ಎಂದು ಕಲ್ಮೇಶ ಕೂತು ಮಾಡಿಸಿಕೊಂಡ. ಹುರಿಯನ್ನು ಜೇಬಿನಲ್ಲೇ ತಂದಿದ್ದ. ಅಲ್ಲೇ ಕಡಗ ಅಳೆದು ನೋಡಿದ. ಸರಿ ಇತ್ತು.

ಹೊರಡುವಾಗ ಅಂಗಡಿಯವ ಇನ್ನೊಂದು ಮಾತು ಹೇಳಿದ. ಇದೇ ಕುಸ್ತಿಯ ಮೊದಲಿನ ಫೈಲನ್ನು ಆಚೆ ದಂಡೆಯವರೂ ಒಯ್ದಿದ್ದಾರೆ. ತಮ್ಮವರು ಆ ದಿನ ಹೇಗೆ ಸೋತರು ಎಂದು ನೋಡಬೇಕಂತೆ.

ಕಲ್ಮೇಶ ಗರಡಿಗೆ ಕುಣಿಯುತ್ತ ಬಂದ. ಆಚೆ ದಂಡೆಯ ಮುಂದಾಳು ಪೈಲ್ವಾನ ಯಮನೂರಿ ಕೂಡ ಈಗ ಕಾಲು ಅಗಲಿಸಿ ನಿಲ್ಲುವುದನ್ನೇ ಕಲಿಯುತ್ತಿರುತ್ತಾನೆ, ಅವನಾಗಿ ಬೀಳುತ್ತಾನೆ, ನಾವು ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದ.

ರಾಜೇಸಾಬರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚಿ, ಮಡಚಿ, ಬಾಯಿಗಿಟ್ಟುಕೊಂಡರು.

"ತಿದ್ದಿದ್ದನ್ನ ಅವರಿಗೂ ಕೊಟ್ಟು ಬಾ."

"ಕೊಟ್ರ ನಮಗೇನು ಲಾಭ್ರಿ?"

"ಸುಳ್ಳು ತಕ್ಕಡ್ಯಾಗ ಮಾರಿದಾವಗ ರೊಕ್ಕ ಬರತೈತಿ. ತನ್ನ ಚೀಲದಾಗ ಎಷ್ಟಿತ್ತಂತ ಅವನಿಗೇ ಗೊತ್ತಾಗೂದಿಲ್ಲ."

ಕಲ್ಮೇಶ ಸೇತುವೆ ದಾಟಿ ಹೋದ. ಮನಸ್ಸಿಲ್ಲದ ಕಾಲು, ಆದರೂ ಹೋದ.

ಆಚೆ ದಂಡೆಯ ಗರಡಿಯಲ್ಲಿ ಟೀವಿಯ ಮೇಲ್ಗಡೆ ಗೋಡೆಗೆ ಮೊಳೆ ಹೊಡೆದು ಕಡಗ ತೂಗುಹಾಕಿದ್ದರು. ಅದರ ಕೆಳಗೆ ದೊಡ್ಡ ವಸ್ತಾದರು ಅಗಲವಾಗಿ ನಿಂತಿದ್ದರು. ಕಲ್ಮೇಶ ವಿಷಯ ಹೇಳಿ ಹೊಸ ಪೆನ್‌ಡ್ರೈವು ಹಾಕಿ ತೋರಿಸಿದ. ಆ ಒಣಕಲು ಮನುಷ್ಯನನ್ನು ನೋಡಿ ಇಡೀ ಗರಡಿ ನಕ್ಕಿತು.

"ನಿಮ್ಮ ದೊಡ್ಡ ವಸ್ತಾದಗ ಊಟ ಹಾಕ್ತಿರಲಿಲ್ಲೇನೋ?" ಎಂದ ಯಮನೂರಿ. "ನಮ್ಮನ್ನ ಬೀಳಸಾಕ ಅವರನ್ನ ಹಿಂಡಿ ತಂದೀಯಲ್ಲ."

"ಕಡಗ ನಿಮ್ಮಲ್ಲೇ ಐತಿ. ತಗದು ನೋಡು. ಟೀವಿಯಾಗೂ ನೋಡು. ದುಂಡಗ ಇದ್ದದ್ದು ಯಾವುದು ಅಂತ ನೀನೇ ಹೇಳು."

ಯಮನೂರಿ ಕಡಗದ ಕಡೆ ಕತ್ತೆತ್ತಲೂ ಇಲ್ಲ. ಎದುರಾಳಿ ಮನೆಗೇ ಬಂದು ಪುಕ್ಕಟೆ ಕೊಟ್ಟ ಮಾಲು. ಅದರಲ್ಲಿ ಕಲ್ಲು ಇಲ್ಲವೆಂದರೆ ಯಾರು ನಂಬುತ್ತಾರೆ? ಪೆನ್‌ಡ್ರೈವನ್ನು ಕಲ್ಮೇಶನ ಅಂಗಿ ಜೇಬಿಗೇ ಹಾಕಿ, ಬೆನ್ನು ತಟ್ಟಿ ಕಳಿಸಿದರು.

ಅವನು ಬಂದು ನಡೆದದ್ದು ಹೇಳಿದ. ರಾಜೇಸಾಬರು ಹ್ಞೂಂ ಎಂದರು. ಅಷ್ಟೇ.

ಮರುದಿನ ಅಖಾಡದಲ್ಲಿ ಅವರು ಕಲ್ಮೇಶನನ್ನು ನಿಲ್ಲಿಸಿದರು. ಹೊಸ ಫೈಲಿನಲ್ಲಿ ಫಕೀರಪ್ಪನವರ ಎತ್ತರ ಎಷ್ಟು, ಅವರ ಹೆಜ್ಜೆಯ ಅಗಲ ಎಷ್ಟು ಎಂದು ಹುರಿಯಲ್ಲಿ ಅಳೆಸಿದರು. ಅದೇ ಲೆಕ್ಕವನ್ನು ಕಲ್ಮೇಶನ ಎತ್ತರಕ್ಕೆ ತಿರುಗಿಸಿ, ಆ ಉದ್ದದ ಹಗ್ಗವನ್ನು ಅವನ ಎರಡೂ ಕಾಲಿಗೆ ಕಟ್ಟಿದರು. ಅದಕ್ಕಿಂತ ಅಗಲಕ್ಕೆ ಕಾಲಿಟ್ಟರೆ ಹಗ್ಗ ಜಗ್ಗುತ್ತಿತ್ತು. ಎರಡನೇ ತಂಬಿಗೆ ಹಾಲು ಈರಣ್ಣನ ಪಾಲಾಯಿತು. ಬೆಳಗಾಗುವ ಮೊದಲೇ ಬಸ್ಕಿ, ಸಪಾಟಿ, ಹೊಳೆಯ ಉಸುಕಿನಲ್ಲಿ ಓಟ. ಹೊಟ್ಟೆ ಬಂದ ದಾರಿಯಲ್ಲೇ ನಿಧಾನಕ್ಕೆ ಹಿಂದಕ್ಕೆ ಹೋಯಿತು. ಹಗ್ಗ ಬಿಚ್ಚಿದ ದಿನ, ಅದು ಇಲ್ಲದೆಯೂ ಕಾಲು ಅಷ್ಟರಲ್ಲೇ ನಿಂತವು.

ಕುಸ್ತಿಯ ದಿನ ಎರಡೂ ದಂಡೆಯ ಜನ ಹೊಳೆಯ ನಡುವಿನ ಮರಳದಿಬ್ಬದಲ್ಲಿ ಸೇರಿದರು. ಹಲಗೆ ಬಾರಿಸುವುದು ಶುರುವಾಯಿತು. ಯಮನೂರಿ ಮಣ್ಣು ಹಣೆಗೆ ಹಚ್ಚಿಕೊಂಡು ಬಂದು ನಿಂತ. ನಿಂತ ರೀತಿ ನೋಡಿ ಕಲ್ಮೇಶನಿಗೆ ತನ್ನ ಪಡಸಾಲೆಯ ಹಳೇ ಚಿತ್ರವೇ ಎದ್ದು ಬಂದಂತಾಯಿತು. ಅದೇ ಅಗಲ, ಅದೇ ಹಂದರ.

ಒಳ್ಳೆಯ ಬಲ ಇತ್ತು ಯಮನೂರಿಗೆ. ಒಮ್ಮೆ ಕಲ್ಮೇಶನ ಕತ್ತು ಹಿಡಿದಾಗ ಕಣ್ಣಿಗೆ ಕತ್ತಲೆ ಬಂತು. ಆದರೆ ಅಗಲಕ್ಕೆ ನೆಟ್ಟ ಕಾಲು ತಿರುಗಲಿಲ್ಲ. ಕಲ್ಮೇಶ ಒಳಗೆ ನುಗ್ಗಿ, ತೋಳು ಹಿಡಿದು, ಸೊಂಟಕ್ಕೆ ಹಾಕಿಕೊಂಡು ಎತ್ತಿದ. ಹಲಗೆಯವನ ಕೈ ಬಿಸಿಯಾಗುವ ಮೊದಲೇ ಯಮನೂರಿಯ ಬೆನ್ನು ಮಣ್ಣು ಮುಟ್ಟಿತ್ತು.

ಹಿರಿಯರು ಕಡಗ ತೊಡಿಸಿದರು. ಈಚೆ ದಂಡೆಯವರು ಅವನನ್ನು ಹೆಗಲ ಮೇಲೆ ಹೊತ್ತು ಸೇತುವೆ ದಾಟಿಸಿದರು. ಸಾಹುಕಾರರು ಎಲ್ಲರಿಗೂ ಪೇಡೆ ಹಂಚಿಸಿದರು.

ಕಲ್ಮೇಶ ಮಾತ್ರ ಪೇಡೆ ಕೈಯಲ್ಲಿ ಹಿಡಿದು ಕೂತಿದ್ದ.

"ಅವನ್ನ ನಾ ಕೆಡವಲಿಲ್ರಿ," ಎಂದ. "ಆ ಫೈಲು ಕೆಡವಿತು."

"ನೀ ಹೋಗಿ ಹೇಳಿದ್ದಿ."

"ಹೇಳಿದ್ದೆ. ಆದರೂ ನನ್ನ ತೂಕ ಎಷ್ಟಂತ ಗೊತ್ತಾಗಲಿಲ್ರಿ."

ರಾಜೇಸಾಬರು ಕೋಲೂರಿ ಎದ್ದು ಅಖಾಡ ಗುಡಿಸಲು ಹೇಳಿದರು.

ಮಾತಿನಂತೆ ಮಣ್ಣಿನ ಗಾಡಿ ಬಂತು. ಹೊಡೆದುಕೊಂಡು ಬಂದವನು ಯಮನೂರಿಯೇ. ಅಖಾಡಕ್ಕೆ ಮಣ್ಣು ಸುರಿದ, ಮಜ್ಜಿಗೆ ಹೊಯ್ದ, ಎಣ್ಣೆ, ಅರಿಸಿನ ಬೆರೆಸಿದ, ಮೊಣಕಾಲುದ್ದ ಇಳಿದು ತುಳಿಯತೊಡಗಿದ. ಸೋತವನು ಒಬ್ಬನೇ ತುಳಿಯಬೇಕೆಂಬುದು ಪದ್ಧತಿ. ಕಲ್ಮೇಶ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತು ನೋಡಿದ. ಆಮೇಲೆ ಅಂಗಿ ಬಿಚ್ಚಿ ತಾನೂ ಇಳಿದ. ಇಬ್ಬರೂ ಜೊತೆಗೇ ತುಳಿದರು.

ಮಣ್ಣು ಹದಕ್ಕೆ ಬಂದ ಮೇಲೆ ಯಮನೂರಿ ಕಲ್ಮೇಶನ ಮುಂಗೈ ಕಡೆ ನೋಡಿದ.

"ಕುಸ್ತಿ ದಿನಾ ಮುಂಜಾನೆ ಕಡಗ ಮೊಳಿಯಿಂದ ತಗದು ನೋಡಿದೆ, ಆಗ ಕಾಲು ತಿದ್ದಾಕ ಹೊತ್ತಿರಲಿಲ್ಲ," ಎಂದ. "ದುಂಡಗ ಐತಿ. ಟೀವಿಯಾಗ ತತ್ತಿ ಆಗಿತ್ತು. ಐದು ವರ್ಷ ನಮ್ಮ ತಲಿ ಮ್ಯಾಲೇ ತೂಗಾಡತಿತ್ತು." ಕಾಲಿಗೆ ಮೆತ್ತಿದ ಮಣ್ಣು ಕೊಡವಿದ. "ಆ ಸಣಕಲ ವಸ್ತಾದರು ಇನ್ನೂ ಅದಾರೇನೋ?"

ಕಲ್ಮೇಶ ಗುರುವಿನ ಮುಖ ನೋಡಿದ. ರಾಜೇಸಾಬರು ಕೋಲಿನಿಂದ ಪಡಸಾಲೆಯ ಬಾಗಿಲು ತೋರಿಸಿದರು.

ಇಬ್ಬರೂ ಮಣ್ಣಿನ ಕಾಲಲ್ಲೇ ಹೋಗಿ ಟೀವಿಯ ಮುಂದೆ ಕೂತರು. ಎರಡು ಕರಿಪಟ್ಟಿಗಳ ನಡುವೆ ಫಕೀರಪ್ಪನವರು ಕುಸ್ತಿ ಹಿಡಿದರು, ಗೆದ್ದರು. ಯಮನೂರಿ ಮತ್ತೊಮ್ಮೆ ಹಾಕಿಸಿದ. ಎದ್ದು ನಿಂತು ಕಾಲನ್ನು ಹತ್ತಿರಕ್ಕೆ ತಂದು ನೋಡಿದ. ಇನ್ನೂ ಸ್ವಲ್ಪ ಒಳಗೆ ಎಂದು ಕಲ್ಮೇಶ ತೋರಿಸಿಕೊಟ್ಟ.

ಸ್ವಲ್ಪ ಹೊತ್ತಿಗೆ ಇಬ್ಬರೂ ಹೊಸ ಮಣ್ಣಿನಲ್ಲಿದ್ದರು. ಈ ಸಲ ಯಾರ ಬೆನ್ನೂ ಬೇಗ ಮಣ್ಣು ಮುಟ್ಟಲಿಲ್ಲ. ಒಮ್ಮೆ ಅವನು ಮೇಲೆ, ಒಮ್ಮೆ ಇವನು ಮೇಲೆ. ಕಲ್ಮೇಶ ಜೀವಮಾನದಲ್ಲಿ ಮೊದಲ ಸಲ ಏದುಸಿರು ಬಿಟ್ಟ. ಕೊನೆಗೆ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು, ಅಲುಗಲಾರದೆ ನಿಂತರು.

ಹೊಳೆಯ ಮೇಲೆ ಹೊತ್ತು ಇಳಿಯುತ್ತಿತ್ತು. ಯಮನೂರಿ ನಾಳೆ ಬರುತ್ತೇನೆ ಎಂದು ಹೇಳಿ ಖಾಲಿ ಗಾಡಿ ಹೊಡೆದುಕೊಂಡು ಹೋದ. ಕಲ್ಮೇಶ ಮೈಮೇಲಿನ ಮಣ್ಣು ಒರೆಸಿಕೊಳ್ಳುತ್ತ ಬಂದು ಗುರುವಿನ ಕಾಲ ಹತ್ತಿರ ಕೂತ. ಕಡಗ ತೆಗೆದು ಅವರ ಕೈಗಿಟ್ಟ. ರಾಜೇಸಾಬರು ಅದನ್ನು ಕಣ್ಣಿನ ಎದುರಿಗೆ ಹಿಡಿದು, ಅದರೊಳಗಿಂದ ಸೇತುವೆಯ ಮೇಲೆ ಸಾಗುತ್ತಿದ್ದ ಗಾಡಿಯನ್ನು ನೋಡಿದರು.

"ಕಡಗ ಒಂದು. ಮಣ್ಣು ಒಂದು ಗಾಡಿ. ಜೋಡಿ ಒಬ್ಬ," ಎಂದರು. "ಮೂರನೇದು ಪಣದಾಗ ಇರಲಿಲ್ಲ."